ಮೂವತ್ತೊಂದರಲ್ಲಿ ನಾಲ್ಕು

ಕಂಪ್ಯೂಟರಿನಲ್ಲಿ ಡೌನ್‌ಲೋಡಿನ ನೀಲಿ ಪಟ್ಟಿ ನೂರರಲ್ಲಿ ಅರವತ್ತೆರಡರ ಹತ್ತಿರ ನಿಂತು ಹದಿನೈದು ನಿಮಿಷವಾಗಿತ್ತು. ನಿಂತೇ ಬಿಟ್ಟಿದೆಯೋ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಸರಿಯುತ್ತಿದೆಯೋ ತಿಳಿಯಬೇಕೆಂದು ಅವಳು ಹಳೆಯ ಲಕೋಟೆಯ ಅಂಚಿನಿಂದ ಒಂದು ಚೂರು ಕಾಗದ ಹರಿದು, ನೀರಲ್ಲಿ ಅದ್ದಿ, ಪರದೆಯ ಮೇಲೆ ಪಟ್ಟಿಯ ತುದಿಗೆ ಸರಿಯಾಗಿ ಅಂಟಿಸಿದಳು. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದವಳಿಗೆ ಬೆಳೆಯುವುದನ್ನು ನೇರವಾಗಿ ನೋಡಲಾಗುವುದಿಲ್ಲ ಎಂಬುದು ಗೊತ್ತಿತ್ತು. ಗುರುತು ಹಾಕಿ, ಮುಖ ತಿರುಗಿಸಿ, ಬೇರೆ ಕೆಲಸ ನೋಡಬೇಕು. ತಿರುಗಿ ಬಂದಾಗ ಬೇರಿನ ತುದಿ ಗುರುತನ್ನು ದಾಟಿರುತ್ತದೆ, ಇಲ್ಲವೆ ದಾಟಿರುವುದಿಲ್ಲ. ಅವಳು ಮುಖ ತಿರುಗಿಸಿ ಮೇಜಿನ ಮೇಲಿದ್ದ ತನ್ನ ಫೋನನ್ನು ನೋಡಿದಳು. ಅದರಲ್ಲಿ ತಮ್ಮ ಮಾಡಿಕೊಟ್ಟ ಆ್ಯಪು ತೆರೆದೇ ಇತ್ತು. ಮೇಲೆ ‘ಅಕ್ಕ ಕೇಳಿದ್ದು’ ಎಂಬ ಹೆಸರು. ಅದರ ಕೆಳಗೆ ‘ಒಟ್ಟು ೩೧’. ಅದರ ಕೆಳಗೆ, ದೊಡ್ಡ ದೊಡ್ಡ ಅಕ್ಷರಗಳಲ್ಲಿ, ನಾಲ್ಕೇ ನಾಲ್ಕು ಪ್ರಶ್ನೆಗಳು. ಉಳಿದ ಇಪ್ಪತ್ತೇಳು ಪರದೆಯ ಕೆಳಗೆಲ್ಲೋ ಬಿದ್ದಿದ್ದವು. ಬೆರಳಿನಿಂದ ಎಷ್ಟು ನೂಕಿದರೂ ಮೇಲೆ ಬರುತ್ತಿರಲಿಲ್ಲ. ಫೋನನ್ನು ಅಡ್ಡ ಹಿಡಿದರೆ ನಾಲ್ಕು ಹೋಗಿ ಎರಡಾಗುತ್ತಿತ್ತು. ಅಕ್ಷರ ಚಿಕ್ಕದು ಮಾಡಲು ಹೋದರೆ ಫೋನಿನಲ್ಲಿ ಉಳಿದದ್ದೆಲ್ಲ ಎಳ್ಳಿನ ಗಾತ್ರಕ್ಕೆ ಇಳಿದರೂ ಇದು ಮಾತ್ರ ಇಳಿಯಲಿಲ್ಲ. ಅಕ್ಕನಿಗೆ ಕಣ್ಣು ಮಂಜು ಎಂದು ಅವನು ಗಾತ್ರವನ್ನು ಮೊಳೆ ಹೊಡೆದು ಕೂರಿಸಿದ್ದ.

“ಅಮ್ಮ, ಕಂಪ್ಯೂಟರ್‌ಗೇನು ಗಾಯ ಆಗಿದೆ? ಪಟ್ಟಿ ಅಂಟಿಸಿದೀಯ?” ಎಂದು ಮಗಳು ಬಾಗಿಲಲ್ಲಿ ನಿಂತು ಕೇಳಿದಳು. ಅವಳು ನಗರದ ಬಸ್ಸಿನ ಡ್ರೈವರು. ಮಧ್ಯಾಹ್ನದ ಪಾಳಿಗೆ ಹೊರಟಿದ್ದಳು, ಸಮವಸ್ತ್ರದ ಒಂದು ಗುಂಡಿ ಇನ್ನೂ ಹಾಕಿರಲಿಲ್ಲ. ಕಂಪ್ಯೂಟರು ಅವಳದೇ, ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು.

“ಗುರುತು ಹಾಕಿದೀನಿ. ಸರೀತಿದೆಯೋ ಇಲ್ವೋ ನೋಡೋಕೆ.”

“ಫೋನಲ್ಲಿ ಅಲಾರಂ ಇಡೋಕೆ ನನ್ನ ಕರಿಯೋಳು ನೀನು. ಈಗ ಆ್ಯಪು ಕಟ್ಟೋಕೆ ಕೂತಿದೀಯ. ಮಾಮನ ಲ್ಯಾಪ್‌ಟಾಪಲ್ಲಿ ಎಲ್ಲಾ ಸಿದ್ಧ ಇತ್ತಲ್ಲಮ್ಮ? ಮಾಮನ ಫ್ರೆಂಡ್ ಆ ಸ್ಪ್ಯಾನರ್ ಹತ್ರ ಒಂದು ಮಾತು ಕೇಳಿದ್ರೆ ಮುಗೀತು.”

“ಕೊಟ್ಟಾಯ್ತು. ಕೊಟ್ಟದ್ದನ್ನ ವಾಪಸ್ ಕೇಳೋದು ಹೇಗೆ?”

“ಬಾಯಿಂದ,” ಎಂದಳು ಮಗಳು, ಗುಂಡಿ ಹಾಕಿಕೊಳ್ಳುತ್ತ. “ಡಬ್ಬಿಯಲ್ಲಿ ಅನ್ನ ಇದೆ, ಬಿಸಿ ಮಾಡ್ಕೊ. ಪಟ್ಟಿ ನೋಡ್ತಾ ಉಪವಾಸ ಕೂರಬೇಡ.” ಲಿಫ್ಟು ಬಂದ ಸದ್ದು, ಬಾಗಿಲು ಮುಚ್ಚಿದ ಸದ್ದು, ಇಳಿದ ಸದ್ದು. ಎರಡನೆಯ ಮಹಡಿಯ ಹತ್ತಿರ ಅದು ಈಗೀಗ ಸಣ್ಣಗೆ ಕೆಮ್ಮುತ್ತಿತ್ತು. ಅವನಿದ್ದಾಗ ಕೆಮ್ಮುತ್ತಿರಲಿಲ್ಲ. ತಮ್ಮ ಲಿಫ್ಟ್ ಮೆಕ್ಯಾನಿಕ್ಕು. ನಿವೃತ್ತನಾದ ಮೇಲೂ ಈ ಕಟ್ಟಡದ ಲಿಫ್ಟನ್ನು ತನ್ನ ಸಾಕುಪ್ರಾಣಿಯಂತೆ ನೋಡಿಕೊಂಡಿದ್ದ. ಐದನೆಯ ಮಹಡಿಯಲ್ಲಿ ಅವನು, ಮೂರನೆಯದರಲ್ಲಿ ಇವಳು. ಸಂಜೆ ಆರಕ್ಕೆ ಇಳಿದು ಬರುತ್ತಿದ್ದ. ಕಾಫಿ ಕುಡಿಯುತ್ತಿದ್ದ. ಆಮೇಲೆ ‘ಅಕ್ಕ, ನಿನ್ನ ಫೋನು ಕೊಡು’ ಎಂದು ಇಸಿದುಕೊಂಡು, ಒಂದೇ ಬೆರಳಿನಿಂದ, ಕೊಕ್ಕಿನಿಂದ ಕಾಳು ಹೆಕ್ಕಿದ ಹಾಗೆ, ಏನೋ ಕುಟ್ಟುತ್ತಿದ್ದ. ಅವಳು ದಿನವಿಡೀ ಕೇಳಿದ ಪ್ರಶ್ನೆಗಳಲ್ಲಿ ಒಂದು; ಅದಕ್ಕೆ ಅವನು ಹುಡುಕಿ ತಂದ ಉತ್ತರ. ಚಿಕ್ಕಂದಿನಿಂದ ಅವಳದು ಕೇಳುವ ಬಾಯಿ. ತಂದೆ ‘ಇವಳ ಬಾಯಿಗೆ ಉತ್ತರ ಹಾಕಿ ಹಾಕಿ ನನ್ನ ಗಲ್ಲ ನೋಯುತ್ತೆ’ ಎನ್ನುತ್ತಿದ್ದರು. ಹಗ್ಗ ತುಂಡಾದರೆ ಲಿಫ್ಟು ಬೀಳುತ್ತದೆಯೇ? ಎಂಬುದು ಆ್ಯಪಿನಲ್ಲಿ ಮೊದಲನೆಯದು. ಬೀಳುವುದಿಲ್ಲ, ಪಕ್ಕದ ಹಳಿಯನ್ನು ಎರಡು ದವಡೆಗಳು ಕಚ್ಚಿ ಹಿಡಿಯುತ್ತವೆ, ಎಂದು ಉತ್ತರ. ಎರಡನೆಯದು ಕನ್ನಡಿಯ ಬಗ್ಗೆ, ಮೂರನೆಯದು ಇರುವೆಗಳ ಬಗ್ಗೆ. ನಾಲ್ಕನೆಯದು, ದೇವರಿಗೆ ಪ್ರಾರ್ಥನೆ ಕೇಳಿಸುವುದಾದರೆ ಅದನ್ನು ಬಾಯಿಬಿಟ್ಟು ಹೇಳುವುದು ಯಾಕೆ. ಅದಕ್ಕೆ ಅವನ ಉತ್ತರ: ‘ಹೇಳಿದವರಿಗೆ ಕೇಳಿಸಲಿ ಅಂತ ಇರಬೇಕು. ಗ್ಯಾರಂಟಿ ಇಲ್ಲ.’

ಚೂರು ಕಾಗದ ಒಣಗಿ ಉದುರಿತು. ಪಟ್ಟಿಯ ತುದಿ ಅದಿದ್ದ ಜಾಗ ದಾಟಿ ಒಂದು ಕೂದಲೆಳೆ ಮುಂದೆ ಹೋಗಿತ್ತು. ಅವಳಿಗೆ ಎದೆಯಲ್ಲಿ ಒಂದು ಹಳೆಯ ಸಂತೋಷ ಮಿಸುಕಿತು. ಅವನು ಹೋದ ಈ ನಾಲ್ಕು ತಿಂಗಳಲ್ಲಿ ಮೊದಲ ಸಲ ಮಿಸುಕಿತೆಂದು ತಿಳಿದ ಕೂಡಲೇ ನಾಚಿಕೆಯೂ ಆಯಿತು.

ಮೇಜಿನ ಮೇಲೆ ಅವನ ನೋಟ್‌ಬುಕ್ಕು ಬಿಚ್ಚಿಕೊಂಡಿತ್ತು. ಗ್ರಂಥಾಲಯದಲ್ಲಿ ಹಿರಿಯರಿಗೆಂದು ನಡೆಯುತ್ತಿದ್ದ ತರಗತಿಗೆ ಅವನೂ ಅವನ ಜೊತೆ ಲಿಫ್ಟಿನ ಕೆಲಸ ಮಾಡಿದ್ದ, ಎಲ್ಲರೂ ಸ್ಪ್ಯಾನರೆಂದು ಕರೆಯುವ ಹಳೆಯ ಜೊತೆಗಾರನೂ ಹೋಗುತ್ತಿದ್ದರು. ತರಗತಿಯ ಟೀಚರು ‘ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್’ ಎಂದು ಹೇಳಿದ್ದನ್ನು ಅವನು ಒಂದು ಕಡೆಯೂ ಹಾಗೆ ಬರೆದಿರಲಿಲ್ಲ. ‘ಕಾರ್ಖಾನೆ’ ಎಂದು ಬರೆದಿದ್ದ. ಮೊದಲು ಕಾರ್ಖಾನೆ ಕಟ್ಟಬೇಕು, ಸಾಮಾನು ಆಮೇಲೆ. ಕಾರ್ಖಾನೆ ಎದ್ದರೆ ಕೆಳಗೆ ಬಿದ್ದ ಇಪ್ಪತ್ತೇಳನ್ನು ಮೇಲೆ ತರುವ ದಾರಿಯೂ ಅದರಲ್ಲೇ ಸಿಕ್ಕೀತೆಂದು ಅವಳು ನಂಬಿದ್ದಳು. ಲಿಫ್ಟಿನ ನಿರ್ವಹಣಾ ಪುಸ್ತಕದ ಕ್ರಮದಲ್ಲಿ ಹೆಜ್ಜೆಗೆ ಹೆಜ್ಜೆ, ನಂಬರು ಹಾಕಿ: ಡಿಸ್ಕಿನಲ್ಲಿ ಎಷ್ಟು ಜಾಗ ಬೇಕು, ಯಾವುದನ್ನು ಯಾವುದರ ನಂತರ ಇಳಿಸಬೇಕು, ಯಾವುದರ ನಂಬರು ಯಾವುದರ ನಂಬರಿಗೆ ಹೊಂದಬೇಕು. ‘ಹೊಸದು ಬಂದಿದೆ, ಹಾಕಲೇ ಎಂದು ಕೇಳುತ್ತೆ. ಬೇಡ ಅನ್ನು. ಹೊಸ ಮೋಟರಿಗೆ ಹಳೇ ಬ್ರೇಕು ಕೂರಲ್ಲ.’ ಒಂಬತ್ತನೆಯ ಹೆಜ್ಜೆಯಲ್ಲಿ: ‘ಇಲ್ಲಿ ಏಳು ಸಲ ಒಪ್ಪಿಗೆ ಕೇಳುತ್ತೆ. ಏಳಕ್ಕೂ ಹೌದು ಅನ್ನು. ಓದೋಕೆ ಕೂತರೆ ಮುಂದಿನ ಜನ್ಮ ಬೇಕು.’ ಒಮ್ಮೆ ಅವನು ಅಕ್ಕನಿಗೆ ಹೇಳಿದ್ದ, “ನಿನ್ನ ಮೊಳಕೆ ಪೆಟ್ಟಿಗೆ ಇತ್ತಲ್ಲ, ಹಾಗೇ ಇದು. ಬೀಜಾನ ನೀನು ಮೊಳೆಸ್ತಿದ್ಯಾ? ಇಲ್ಲ. ಪೆಟ್ಟಿಗೆ ಬೆಚ್ಚಗಿಡ್ತಿದ್ದೆ, ಕಾಗದ ಒದ್ದೆ ಇಡ್ತಿದ್ದೆ, ಅಷ್ಟೆ.” ಆಗ ಅವಳು ‘ಹೂಂ’ ಎಂದಿದ್ದಳು. ಆಗ ಅವಳು ಅವನ ಮೇಲೆ ಮುನಿದಿದ್ದಳು. ಮುನಿದಿದ್ದಾಳೆಂದು ಅವನಿಗೆ ಗೊತ್ತಾಗದ ಹಾಗೆ ಮುನಿಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ. ಏಳು ಸಲ ಹೌದು ಒತ್ತಿದಳು. ಪ್ರತಿ ಸಲವೂ ಪುಟಗಟ್ಟಲೆ ಸಣ್ಣಕ್ಷರ ಮೇಲೆದ್ದು ಬಂದು, ಅವಳ ಒಂದು ಬೆರಳಿಗೆ ಹೆದರಿ ಮಾಯವಾಗುತ್ತಿತ್ತು. ನಲವತ್ತು ವರ್ಷದಿಂದ ಬೆಳಿಗ್ಗೆ ಎದ್ದು ಕೈಮುಗಿದು ‘ನಿನ್ನ ಇಷ್ಟದಂತೆ ಆಗಲಿ’ ಎನ್ನುತ್ತಿದ್ದದ್ದೂ ಹೀಗೆಯೇ ಅಲ್ಲವೇ ಎಂದು ಐದನೆಯ ಹೌದಿಗೆ ಅನ್ನಿಸಿತು. ಓದದೆ ಒಪ್ಪಿದ ಕರಾರು. ಆ ಶುಕ್ರವಾರ ಬೆಳಿಗ್ಗೆ ಐದನೆಯ ಮಹಡಿಯ ಬಾಗಿಲು ಒಡೆಸಿ ಒಳಗೆ ಹೋದಾಗ, ಕುರ್ಚಿಯಲ್ಲಿ ಒರಗಿ ಕೂತಿದ್ದವನ ಅಂಗಾಲು ಮುಟ್ಟಿ ನೋಡಿದಾಗ, ಅವಳ ಬಾಯಿಗೆ ಮೊದಲು ಬಂದದ್ದು ಪ್ರಾರ್ಥನೆಯಲ್ಲ. ‘ನಾನು ಇದಕ್ಕೆ ಯಾವಾಗ ಒಪ್ಪಿದೆ?’ ಎಂಬ ಪ್ರಶ್ನೆ. ಅದನ್ನು ಬರೆದುಕೊಳ್ಳುವವನೇ ಕುರ್ಚಿಯಲ್ಲಿದ್ದ. ಅವಳು ದೇವರನ್ನು ಬಿಟ್ಟಿರಲಿಲ್ಲ. ಅದೇ ಮಾತನ್ನು ಈಗಲೂ ಹೇಳುತ್ತಿದ್ದಳು, ಆದರೆ ಒಂದೊಂದು ಪದವನ್ನೂ ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ. ಕೆಲವು ದಿನ ‘ಇಷ್ಟದಂತೆ’ ಎಂಬಲ್ಲಿಯೇ ನಿಂತುಬಿಡುತ್ತಿದ್ದಳು.

ಹನ್ನೊಂದನೆಯ ಹೆಜ್ಜೆಗೆ ಕಂಪ್ಯೂಟರಿನೊಳಗೆ ಒಂದು ಫೋನು ಎದ್ದು ಕೂತಿತು. ಅಂಚು, ಗುಂಡಿ, ಗಾಜಿನ ಹೊಳಪು ಎಲ್ಲ ಇದ್ದ, ಆದರೆ ಎತ್ತಿಕೊಳ್ಳಲಾಗದ ಫೋನು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರ ಬ್ಯಾಟರಿ ಯಾವಾಗಲೂ ತುಂಬಿತ್ತು. ಅದಕ್ಕೆ ಸಿಗ್ನಲ್ ಇತ್ತು, ಕರೆ ಮಾಡುವವರಿರಲಿಲ್ಲ. ನಾನೆಲ್ಲಿದ್ದೇನೆ ಎಂದು ಅದರ ನಕ್ಷೆಯನ್ನು ಕೇಳಿದರೆ ಸಮುದ್ರದಾಚೆಯ ಯಾವುದೋ ಊರನ್ನು ತೋರಿಸಿತು. ಪಾಪ, ಕೂತಲ್ಲೇ ದಾರಿ ತಪ್ಪಿದೆ ಎಂದುಕೊಂಡಳು. ಅದನ್ನು ಅಲುಗಿಸಲು ಒಂದು ಗುಂಡಿ, ಓರೆ ಮಾಡಲು ಒಂದು ಗುಂಡಿ. ಬೀಳಿಸಲು ಮಾತ್ರ ಗುಂಡಿ ಇರಲಿಲ್ಲ. ಬಿದ್ದರೆ ಏನಾಗುತ್ತದೆ? ಎಂದು ಬಾಯಿಬಿಟ್ಟೇ ಕೇಳಿದಳು. ಖಾಲಿ ಕೋಣೆಯಲ್ಲಿ ಅವಳ ದನಿ ಅವಳಿಗೇ ಕೇಳಿಸಿತು.

ಅವತ್ತೂ ಹೀಗೆಯೇ ಬಾಯಿಬಿಟ್ಟು ಕೇಳಿದ್ದಳು. ತರಗತಿಗೆ ಮನೆಯವರನ್ನು ಕರೆತನ್ನಿ ಎಂದಿದ್ದ ದಿನ. ತಮ್ಮ ಅವಳಿಗೆ ಹೊಸ ಸೀರೆ ಉಡಲು ಹೇಳಿ ಕರೆದುಕೊಂಡು ಹೋಗಿದ್ದ. ಹದಿನೆಂಟು ಜನ ಹಿರಿಯರು, ಗೋಡೆಯ ಮೇಲೆ ದೊಡ್ಡ ಪರದೆ. ಟೀಚರು ಇದೇ ಎತ್ತಿಕೊಳ್ಳಲಾಗದ ಫೋನನ್ನು ತೋರಿಸಿ ‘ಏನಾದರೂ ಸಂದೇಹ?’ ಎಂದರು. ಅವಳು ಎದ್ದು ನಿಂತು, “ಎಲ್ಲರ ಕೈಯಲ್ಲೂ ಒಂದೊಂದು ಫೋನು ಇರೋವಾಗ ಕಂಪ್ಯೂಟರೊಳಗೆ ಇನ್ನೊಂದು ಫೋನು ಯಾಕೆ?” ಎಂದಳು. ಯಾರೋ ಫಕ್ಕನೆ ನಕ್ಕರು. ಸ್ಪ್ಯಾನರು, “ಅದು ಕಂಪ್ಯೂಟರಿನ ಸ್ವಂತ ಫೋನಕ್ಕ, ಅದಕ್ಕೂ ಹೆಂಡ್ತಿ ಮಕ್ಕಳು ಇರಲ್ವಾ?” ಎಂದ. ಕೋಣೆಯೆಲ್ಲ ಗೊಳ್ಳೆಂದಿತು. ಅದು ಪರವಾಗಿರಲಿಲ್ಲ, ಸ್ಪ್ಯಾನರನ ಬಾಯಿಗೆ ಬೀಗವಿಲ್ಲವೆಂದು ಲೋಕಕ್ಕೇ ಗೊತ್ತು. ಆದರೆ ಪಕ್ಕಕ್ಕೆ ತಿರುಗಿ ನೋಡಿದರೆ ತಮ್ಮನೂ ನಗುತ್ತಿದ್ದ. ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸಿ. ಅರವತ್ತೇಳು ವರ್ಷದವಳು ಆ ಸಂಜೆ ಏಳು ವರ್ಷದವಳ ಹಾಗೆ ಮನೆಗೆ ಬಂದು ಸೀರೆ ಬಿಚ್ಚಿ ಎಸೆದಿದ್ದಳು. ಅಲ್ಲಿಯ ತನಕ ಆ್ಯಪಿನಲ್ಲಿ ನಾಲ್ಕು ಪ್ರಶ್ನೆಗಳಿದ್ದವು, ನಾಲ್ಕನ್ನೂ ಓದಿದ್ದಳು. ಮಾರನೆಯ ದಿನ ಅವನು ಐದನೆಯದನ್ನು ಕುಟ್ಟಿ ಹೋದ. ಅದರ ಮಾರನೆಯ ದಿನ “ನೋಡಿದ್ಯಾ?” ಎಂದ. “ನೋಡಿದೆ,” ಎಂದಳು, ನೋಡದೆ. “ಹೇಗಿದೆ?” “ಚೆನ್ನಾಗಿದೆ.” ಅಷ್ಟು ಸುಲಭವಾಗಿತ್ತು. ಒಂದು ಸಲ ಜಾರಿದ ಮೇಲೆ ನಾಲಗೆಗೆ ಅದೇ ದಾರಿಯಾಯಿತು. ಇಪ್ಪತ್ತೇಳು ಸಂಜೆ, ಇಪ್ಪತ್ತೇಳು ‘ನೋಡಿದೆ’.

ಪ್ರಯೋಗಾಲಯದ ಗೋಡೆಯ ಮೇಲೆ ಅವಳೇ ಬರೆಸಿದ ಹಲಗೆಯಿತ್ತು: ಎಣಿಸದ್ದನ್ನು ಬರೆಯಬಾರದು. ನೂರು ನೂರರಂತೆ ನಾನೂರು ಬೀಜ, ನಾಲ್ಕು ತಟ್ಟೆ, ನಾಲ್ಕನ್ನೂ ಎಣಿಸಬೇಕು. ಮೂರು ಎಣಿಸಿ ನಾಲ್ಕನೆಯದನ್ನು ಅಂದಾಜಿನ ಮೇಲೆ ತುಂಬಿದ ಒಬ್ಬ ಕಿರಿಯ ಸಹಾಯಕಿಯನ್ನು ಅವಳು ಎಲ್ಲರೆದುರು ನಿಲ್ಲಿಸಿ ಅಳಿಸಿದ್ದಳು. ‘ಒಂದು ತಟ್ಟೆ ತಾನೇ ಮೇಡಂ’ ಎಂದಿದ್ದಳು ಆ ಹುಡುಗಿ. ಆ ಹುಡುಗಿಯ ಮೂಗಿನ ತುದಿ ಕೆಂಪಗಾದದ್ದು ಈಗ, ಇಷ್ಟು ವರ್ಷದ ಮೇಲೆ, ಎತ್ತಿಕೊಳ್ಳಲಾಗದ ಫೋನಿನ ಗಾಜಿನಲ್ಲಿ ಅವಳಿಗೆ ಕಂಡಿತು.

ಹನ್ನೆರಡನೆಯ ಹೆಜ್ಜೆ, ಅವನ ಕೆಲಸದ ಕಡತವನ್ನು ತೆರೆಯುವುದು. ಅದು ಅವನ ಕೀಲಿಗೊಂಚಲಿನಲ್ಲಿ ನೇತಾಡುತ್ತಿದ್ದ ಪೆನ್‌ಡ್ರೈವಿನಲ್ಲಿತ್ತು. ಆಸ್ಪತ್ರೆಯವರು ಕೈಗಡಿಯಾರದ ಜೊತೆ ಚೀಲದಲ್ಲಿ ಹಾಕಿ ಕೊಟ್ಟ ಕೀಲಿಗೊಂಚಲು. ತೆರೆದಾಗ ಸಾಲುಸಾಲು ಅಪರಿಚಿತ ಬರಹ, ಆವರಣ ಚಿಹ್ನೆಗಳು, ಬಣ್ಣಬಣ್ಣದ ಪದಗಳು. ಅವಳಿಗೆ ಅರ್ಥವಾಗಬೇಕಾಗಿರಲಿಲ್ಲ. ಆದರೂ ಓದುತ್ತ ಹೋದಳು, ತೆರೆದದ್ದನ್ನು ಓದದೆ ಬಿಡುವುದು ಇನ್ನು ಸಾಕೆನ್ನಿಸಿತ್ತು. ನಡುನಡುವೆ ಬೂದುಬಣ್ಣದಲ್ಲಿ ಅವನ ಸ್ವಂತ ಟಿಪ್ಪಣಿಗಳಿದ್ದವು. ಯಂತ್ರ ಇವನ್ನು ಓದುವುದಿಲ್ಲ, ಮನುಷ್ಯರಿಗೆ ಮಾತ್ರ, ಎಂದು ನೋಟ್‌ಬುಕ್ಕು ಹೇಳಿತ್ತು. ‘ಅಕ್ಕನಿಗೆ ಕಾಣಲಿ ಅಂತ ಅಕ್ಷರ ದೊಡ್ಡದು.’ ‘ಹಸಿರು ಬೇಡ ಅಂದಳು, ನೀಲಿ ಮಾಡಿದೆ.’ ಪಟ್ಟಿಯ ಪುಟಕ್ಕೆ ಬಂದಾಗ ಒಂದು ಉದ್ದನೆಯ ಟಿಪ್ಪಣಿ: ‘ಗುರುವಾರ. ಇವತ್ತು ಅಕ್ಕ ಕಾಫಿ ಮಾಡೋವಾಗ ಅವಳ ಫೋನಲ್ಲಿ ಪಟ್ಟಿ ತೆಗೆದು ನೋಡಿದೆ. ನಾಲ್ಕೇ ಕಾಣುತ್ತೆ. ನಾನು ಪರೀಕ್ಷೆ ಮಾಡಿದ್ದು ಕಂಪ್ಯೂಟರ್ ಫೋನಲ್ಲಿ ಮೂರೇ ಪ್ರಶ್ನೆ ಹಾಕಿ, ಅದಕ್ಕೆ ತಿಳೀಲಿಲ್ಲ. ಜಾರಿಸುವ ವ್ಯವಸ್ಥೆ ಸೇರಿಸಿದೀನಿ. ಭಾನುವಾರ ಅವಳ ಫೋನಿಗೆ ಹಾಕಬೇಕು. ಅವಳಿಗೆ ಏನೂ ಹೇಳಬಾರದು. ಪಾಪ, ದಿನಾ ನೋಡಿದೆ ಅಂದಿದಾಳೆ.’

ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬರುವುದನ್ನು ನೋಡುತ್ತ ನಿಂತಳು. ಲೋಟ ತುಂಬಿ ಕೈಮೇಲೆ ಹರಿಯಿತು. ಗೊತ್ತಿತ್ತು ಅವನಿಗೆ. ಗುರುವಾರ ಗೊತ್ತಾಗಿದೆ. ಆ ಗುರುವಾರ ಫೋನನ್ನು ತಿರುಗಿ ಕೊಡುವಾಗ ಅವನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಅವಳ ಮುಖ ನೋಡಿದ್ದ. “ಇವತ್ತಿಂದೂ ನೋಡ್ತೀಯಲ್ಲ?” ಎಂದಿದ್ದ. ಅವಳು ಕನ್ನಡಕ ಹುಡುಕುತ್ತಿದ್ದಳು. “ನೋಡದೆ ಇನ್ನೇನು,” ಎಂದಿದ್ದಳು ಬೆನ್ನು ಹಾಕಿಕೊಂಡೇ. ಅವನು ‘ಸರಿ ಅಕ್ಕ’ ಎಂದು ಲಿಫ್ಟಿಗೆ ಹೋಗದೆ ಮೆಟ್ಟಿಲು ಹತ್ತಿ ಹೋಗಿದ್ದ. ಯಾಕೆ ಮೆಟ್ಟಿಲು? ಅದನ್ನೂ ಆಗ ಕೇಳಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಸಿಕ್ಕಿಬೀಳುವುದು ಒಂದು ಅವಮಾನ. ಸಿಕ್ಕಿಬಿದ್ದದ್ದೇ ತಿಳಿಯದೆ ನಾಲ್ಕು ತಿಂಗಳು ಓಡಾಡಿದ್ದು ಇನ್ನೊಂದು. ಆದರೆ ಇವೆರಡರ ಕೆಳಗೆ, ನೀರಿನ ತಳದ ಕಲ್ಲಿನಂತೆ, ಬೇರೆಯದೇ ಕಾಣುತ್ತಿತ್ತು. ಅವಳು ಒಂದೇ ಒಂದು ಸಂಜೆ ತೆರೆದು ನೋಡಿ ನಿಜ ಹೇಳಿದ್ದರೆ, ‘ಕಾಣ್ತಿಲ್ಲ ಕಣೋ’ ಎಂದಿದ್ದರೆ, ಅವನು ಅಂದೇ ಸರಿಮಾಡುತ್ತಿದ್ದ. ಕೆಟ್ಟಿರುವುದನ್ನು ಮುಚ್ಚಿಟ್ಟದ್ದು ಅವಳ ‘ಚೆನ್ನಾಗಿದೆ’ ಎಂಬ ವರದಿ. ನಾಲ್ಕನೆಯ ತಟ್ಟೆ.

ತಿರುಗಿ ಬಂದು ಕೂತಳು. ಹದಿಮೂರು: ಕಟ್ಟು ಎಂಬ ಗುಂಡಿ. ಯಂತ್ರ ಗೊರಗೊರ ಎಂದಿತು, ಕೆಂಪು ಬರಲಿಲ್ಲ, ಕೊನೆಗೆ ಹಸಿರು ಗುರುತೊಂದು ಮೂಡಿತು. ಕಾರ್ಖಾನೆ ನಿಂತಿತ್ತು, ಸಾಮಾನು ಹೊರಬಿದ್ದಿತ್ತು. ಅವಳೇ ಕಟ್ಟಿದ್ದಳು. ಎತ್ತಿಕೊಳ್ಳಲಾಗದ ಫೋನಿನಲ್ಲಿ ಆ್ಯಪು ತೆರೆಯಿತು, ‘ಒಟ್ಟು ೦’ ಎಂದು. ಅಲ್ಲಿ ಏನೂ ಇರಲಿಲ್ಲ, ಇರಬಾರದು ಕೂಡ. ಪ್ರಶ್ನೆಗಳಿದ್ದದ್ದು ಅವಳ ಕೈಯ ಫೋನಿನ ಹೊಟ್ಟೆಯಲ್ಲಿ ಮಾತ್ರ. ಹದಿನಾಲ್ಕು: ಅಕ್ಕನ ಫೋನಿಗೆ ವೈರು ಚುಚ್ಚಿ ಓಡಿಸು. ಚುಚ್ಚಿದಳು. ಫೋನು ‘ಈ ಕಂಪ್ಯೂಟರನ್ನು ನಂಬಲೇ?’ ಎಂದಿತು. ಹೌದು. ಓಡಿಸು ಎಂದು ಒತ್ತಿದಳು. ಕೈ ಹೌದಿನ ಮೇಲೆಯೇ ಕೂತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಇನ್ನೊಂದು ಪೆಟ್ಟಿಗೆ ಎದ್ದಿತು, ಮೊದಲಿನ ಏಳರಂತೆಯೇ ಬೂದು ಬಣ್ಣದ್ದು. ಬೆರಳು ಇಳಿಯತೊಡಗಿತು.

ಎಂಟನೆಯದು ನೋಟ್‌ಬುಕ್ಕಿನಲ್ಲಿಲ್ಲ.

ಬೆರಳು ಗಾಳಿಯಲ್ಲಿ ನಿಂತಿತು. ಅವಳು ಕನ್ನಡಕವನ್ನು ಸೀರೆಯ ಸೆರಗಿನಿಂದ ಒರೆಸಿ ಹಾಕಿಕೊಂಡು, ತುಟಿ ಅಲುಗಿಸುತ್ತ, ಒಂದೊಂದು ಪದವಾಗಿ ಓದಿದಳು. ಈ ಫೋನಿನಲ್ಲಿ ಇದೇ ಹೆಸರಿನ ಆ್ಯಪು ಈಗಾಗಲೇ ಇದೆ, ಆದರೆ ಅದರ ಮೊಹರು ಬೇರೆ. ಮುಂದುವರಿಯಬೇಕಾದರೆ ಹಳೆಯದನ್ನು ತೆಗೆದುಹಾಕಬೇಕು. ಎಚ್ಚರಿಕೆ: ತೆಗೆದರೆ ಅದರೊಳಗಿನ ಮಾಹಿತಿಯೆಲ್ಲ ಅಳಿದುಹೋಗುತ್ತದೆ. ತೆಗೆಯಲೇ? ಹೌದು. ಬೇಡ. ‘ಹೌದು’ ನೀಲಿಯಾಗಿ ಹೊಳೆಯುತ್ತಿತ್ತು, ಅದೇ ಸರಿಯುತ್ತರವೆಂಬಂತೆ. ಅವಳು ಬಲಗೈಯನ್ನು ಎಡಗೈಯಿಂದ ಹಿಡಿದು ಮಡಿಲಿಗೆ ಎಳೆದುಕೊಂಡಳು. ಆ ಕೈಯನ್ನು ಅವಳು ನಂಬಲಿಲ್ಲ.

ಮೊಹರು ಅವಳಿಗೆ ಗೊತ್ತಿದ್ದ ವಿಷಯ. ಬೀಜದ ಚೀಲ ಬಂದರೆ ಮೊದಲು ನೋಡುವುದು ಅರಗಿನ ಮೇಲಿನ ಮುದ್ರೆ. ಕಳಿಸಿದವನ ಮುದ್ರೆ ಅಲ್ಲದಿದ್ದರೆ ಚೀಲ ವಾಪಸ್ಸು, ಒಳಗೆ ಚಿನ್ನವೇ ಇರಲಿ. ಹಾಗಾದರೆ ಕಾರ್ಖಾನೆಗೂ ಒಂದು ಮೊಹರಿದೆ. ಅವನ ಲ್ಯಾಪ್‌ಟಾಪು ಹಾಕಿದ ಮೊಹರನ್ನು ಅವಳ ಫೋನು ನೆನಪಿಟ್ಟುಕೊಂಡಿದೆ. ಅವಳು ಇಷ್ಟು ಹೊತ್ತು ಬೆವರು ಸುರಿಸಿ ಕಟ್ಟಿದ ಕಾರ್ಖಾನೆಯನ್ನು ಅದು ಬಾಗಿಲಲ್ಲಿ ನಿಲ್ಲಿಸಿ, ನೀನು ಯಾರು ಎನ್ನುತ್ತಿದೆ. ಸಿಟ್ಟು ಬರಬೇಕಿತ್ತು. ಬದಲಿಗೆ ಅವಳಿಗೆ ಆ ಫೋನಿನ ಮೇಲೆ ಗೌರವ ಬಂತು. ‘ಬೇಡ’ ಒತ್ತಿದಳು. ಒತ್ತುವ ಮೊದಲು ಆ ಪದವನ್ನೂ ಎರಡು ಸಲ ಓದಿದಳು.

ಇನ್ನು ಉಳಿದದ್ದು ಬಾಯಿಂದ ಕೇಳುವುದು. ಸಾವಿನ ವಾರದಲ್ಲೇ ಸ್ಪ್ಯಾನರು ಬಂದು ಈ ಕುರ್ಚಿಯಲ್ಲಿ ಕೂತಿದ್ದಾಗ ಅವಳು ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲೆ ತಂದಿಟ್ಟಿದ್ದಳು. ತಗೊಂಡು ಹೋಗಿ, ಇದರ ಮುಖ ನೋಡೋಕಾಗಲ್ಲ. ಅವನು ‘ಯೋಚನೆ ಮಾಡಿ ಅಕ್ಕ, ಆಮೇಲೆ ಬೇಕು ಅನ್ಸಿದ್ರೆ...’ ಎಂದ. ‘ಕೊಟ್ಟು ವಾಪಸ್ ಕೇಳೋಳ ಥರ ಕಾಣ್ತೀನಾ ನಾನು?’ ಎಂದು ಅವಳು ದನಿ ಏರಿಸಿದ್ದಳು. ಈಗ ಅದೇ ದನಿಯಲ್ಲಿ ಕೇಳಬೇಕು. ಅವನು ಅದನ್ನು ಅಳಿಸಿ ಹೊಸದಾಗಿ ಮಾಡಿಕೊಂಡಿದ್ದರೆ? ಎಲ್ಲರೂ ಮಾಡುವುದು ಅದನ್ನೇ. ಕೊಟ್ಟ ಪಾತ್ರೆಯನ್ನು ತೊಳೆದೇ ಬಳಸುತ್ತಾರೆ. ನಾಲ್ಕು ಸಲ ರಿಂಗಾಯಿತು. ಅವಳು ಎಣಿಸಿದಳು.

“ಹೇಳಿ ಅಕ್ಕ. ಲಿಫ್ಟು ಕೆಟ್ಟಿತಾ?”

“ಇಲ್ಲ. ಕೆಮ್ತಿದೆ, ಅಷ್ಟೆ. ಒಂದು ವಿಷಯ ಕೇಳಬೇಕಿತ್ತು.”

“ಕೇಳಿ. ನೀವು ಕೇಳದೇ ಇರೋ ದಿನ ಸೂರ್ಯ ಹುಟ್ಟಲ್ಲ ಅಂತಿದ್ದ ಅವನು.”

“ಆ ಲ್ಯಾಪ್‌ಟಾಪು...” ಅವಳು ನೋಟ್‌ಬುಕ್ಕನ್ನು ಮುಚ್ಚಿದಳು. “ಅಳಿಸಿಬಿಟ್ರಾ?”

ಉತ್ತರ ಬರುವ ಮೊದಲೇ ಅವಳು ಇಪ್ಪತ್ತೇಳನ್ನೂ ಕಳೆದುಕೊಂಡು ನೋಡಿದಳು, ಕಳೆದುಕೊಂಡರೆ ಹೇಗಿರುತ್ತದೆಂದು.

“ಅಕ್ಕ, ನಾನದನ್ನ ತೆರೆದೇ ಇಲ್ಲ,” ಎಂದ ಸ್ಪ್ಯಾನರು. “ಹಳೇ ಪಂಚೆಯಲ್ಲಿ ಸುತ್ತಿ ಬೀರುವಲ್ಲಿ ಇಟ್ಟಿದೀನಿ. ಒಂದು ಸಲ ಮುಚ್ಚಳ ಎತ್ತಿದೆ. ಕೀಗಳ ಮಧ್ಯೆ ಅವನ ಬಿಸ್ಕತ್ತಿನ ಪುಡಿ ಇತ್ತು. ಮುಚ್ಚಿಬಿಟ್ಟೆ. ನೀವು ಕೇಳ್ತೀರಿ ಅಂತ ಕಾಯ್ತಾ ಇದ್ದೆ, ಕೇಳೋಕೆ ನಾಲ್ಕು ತಿಂಗಳು ಬೇಕಾಯ್ತಾ?”

“ವಾಪಸ್ ಕೇಳಲ್ಲ ಅಂದಿದ್ದೆನಲ್ಲ.”

“ನೀವು ಹಾಗಂದದ್ದಕ್ಕೇ ಕಾದಿದ್ದು. ಇಪ್ಪತ್ತು ನಿಮಿಷ ಕೊಡಿ.”

ಬಂದಾಗ ಅವನ ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟಿತ್ತು, ಹಸುಗೂಸನ್ನು ಎತ್ತಿಕೊಂಡವನಂತೆ. ಮೇಜಿನ ಮೇಲಿಟ್ಟು ಬಿಚ್ಚಿದ. ಮೊದಲು ಅವಳು ಕಟ್ಟಿದ್ದನ್ನು ನೋಡಿದ, ನೋಟ್‌ಬುಕ್ಕಿನ ಪುಟ ತಿರುವಿದ, ತಲೆಯಾಡಿಸಿದ. “ಒಬ್ಬರೇ ಮಾಡಿದ್ರಾ ಇಷ್ಟೂ? ತರಗತಿಯಲ್ಲಿ ನನಗೆ ಮೂರು ವಾರ ಹಿಡೀತು. ಹನ್ನೆರಡು ಸಲ ಕೆಂಪು ಬಂತು. ನಿಮ್ಮ ತಮ್ಮ ಪಕ್ಕದಲ್ಲಿ ಕೂತು ಬಿಸ್ಕತ್ತು ತಿಂತಾ ‘ಹೆಜ್ಜೆ ಬಿಟ್ಟಿದೀಯ, ಹೆಜ್ಜೆ ಬಿಟ್ಟಿದೀಯ’ ಅಂತಿದ್ದ.” ಲ್ಯಾಪ್‌ಟಾಪಿನ ಒಳಗಿನ ಒಂದು ಬಚ್ಚಿಟ್ಟ ಕೋಣೆಗೆ ಹೋಗಿ ಒಂದು ಕಡತ ತೋರಿಸಿದ. “ಇದೇ ಮೊಹರು. ಎಲ್ಲಾ ಸೇರಿ ಎರಡೂವರೆ ಕೆಬಿ. ಇದನ್ನ ನಿಮ್ಮ ಕಾರ್ಖಾನೆಯ ಅದೇ ಕೋಣೆಗೆ ಹಾಕಿದ್ರೆ, ನೀವು ಕಟ್ಟಿದ್ದು ಅವನು ಕಟ್ಟಿದ ಹಾಗೇ.” ಪೆನ್‌ಡ್ರೈವಿನ ಮೇಲೆ ಅದು ಆ ಯಂತ್ರದಿಂದ ಈ ಯಂತ್ರಕ್ಕೆ ಬಂತು. ಅವಳ ಕಣ್ಣಿಗೆ ಅದು ಬಿಳಿಯ ಪುಟದ ಒಂದು ಚಿಕ್ಕ ಚಿತ್ರ, ಕೆಳಗೆ ಹೆಸರು. ಅವನ ಕೋಣೆ, ಅವನ ಅಂಗಿಗಳು, ಅವನ ಉಪಕರಣದ ಪೆಟ್ಟಿಗೆ ಎಲ್ಲ ಯಾರಿಗೋ ಹೋಗಿದ್ದವು. ಉಳಿದದ್ದು ಇಷ್ಟು. ಇದೂ ಅವನಲ್ಲ, ಅವನು ಇದನ್ನು ಒಮ್ಮೆಯೂ ಕಂಡಿರಲಿಕ್ಕಿಲ್ಲ; ಅವನಿಗೆ ತಿಳಿಯದೆ ಯಂತ್ರ ತಾನಾಗಿ ಮಾಡಿಕೊಂಡದ್ದು. ಆದರೂ ಲೋಕದಲ್ಲಿ ಇದೊಂದಕ್ಕೇ ಆ ಫೋನು ಬಾಗಿಲು ತೆರೆಯುತ್ತದೆ.

ಮತ್ತೆ ಕಟ್ಟಿದಳು. ವೈರು ಚುಚ್ಚಿದಳು. ಓಡಿಸು ಎಂದಳು. ಎಂಟನೆಯ ಪೆಟ್ಟಿಗೆ ಏಳಲಿಲ್ಲ. ಫೋನಿನ ಪರದೆ ಒಂದು ರೆಪ್ಪೆ ಬಡಿದು ತೆರೆಯಿತು. ಒಟ್ಟು ೩೧. ಅವಳು ಬೆರಳಿಟ್ಟು ಮೇಲಕ್ಕೆ ಎಳೆದಳು. ಪಟ್ಟಿ ಬೆರಳ ಜೊತೆಗೇ ಬಂತು, ಎಣ್ಣೆ ಹಾಕಿದ ಹಾಗೆ. ಹಗ್ಗ, ಕನ್ನಡಿ, ಇರುವೆ, ಪ್ರಾರ್ಥನೆ ಮೇಲೆ ಹೋಗಿ ಮರೆಯಾದವು.

“ಕೊನೇದಕ್ಕೆ ಹೋಗಿ ಅಕ್ಕ, ಕೊನೇದು,” ಎಂದ ಸ್ಪ್ಯಾನರು, ಕುರ್ಚಿಯ ತುದಿಗೆ ಬಂದು.

“ಇಲ್ಲ. ಸಾಲಾಗಿ.”

ಐದನೆಯದು: ‘ಎಲ್ಲರ ಕೈಯಲ್ಲೂ ಫೋನು ಇರುವಾಗ ಕಂಪ್ಯೂಟರೊಳಗೆ ಇನ್ನೊಂದು ಫೋನು ಯಾಕೆ? (ತರಗತಿಯಲ್ಲಿ ಕೇಳಿದ್ದು. ನಾನೂ ನಕ್ಕೆ. ನಗಬಾರದಿತ್ತು. ಟೀಚರನ್ನು ಆಮೇಲೆ ಕೇಳಿದೆ, ಅವರಿಗೂ ತಕ್ಷಣ ಹೇಳೋಕೆ ಬರಲಿಲ್ಲ.) ಉತ್ತರ: ಇನ್ನೊಬ್ಬರ ಫೋನಿನ ಮೇಲೆ ತಪ್ಪು ಮಾಡೋಕೆ ಹೆದರೋರಿಗೆ, ಯಾರದೂ ಅಲ್ಲದ ಒಂದು ಫೋನು.’ ಅವಳು ಅದನ್ನು ಗಟ್ಟಿಯಾಗಿ ಓದಿದಳು. ಸ್ಪ್ಯಾನರು ಗೋಡೆಯ ಕಡೆ ನೋಡುತ್ತ, “ಹೆಂಡ್ತಿ ಮಕ್ಕಳು ಅಂದದ್ದು ನಾನು,” ಎಂದ. “ಗೊತ್ತು,” ಎಂದಳು. ಆರು, ಏಳು, ಎಂಟು. ಬೆಕ್ಕಿನ ಮೀಸೆ, ಗಂಟೆಗೆ ಅರವತ್ತೇ ನಿಮಿಷ ಯಾಕೆ, ನಿದ್ರೆಯಲ್ಲಿ ಸೀನು ಬರುತ್ತದೆಯೇ. ಹದಿನಾರಕ್ಕೆ ಇಬ್ಬರೂ ನಕ್ಕರು. ಇಪ್ಪತ್ತೆರಡಕ್ಕೆ ಸ್ಪ್ಯಾನರು ಎದ್ದು ಹೋಗಿ, ಕೇಳದೆಯೇ ಕಾಫಿ ಮಾಡಿ ತಂದ. ಯಾವ ಪ್ರಶ್ನೆಯನ್ನು ಯಾವಾಗ ಕೇಳಿದ್ದೆನೆಂದು ಅವಳಿಗೆ ಅರ್ಧಕ್ಕರ್ಧ ನೆನಪಿರಲಿಲ್ಲ. ಮುನಿಸಿಕೊಂಡೂ ಇಷ್ಟು ಕೇಳಿದ್ದಳೇ? ಬಾಯಿ ಮುನಿಸಿಕೊಂಡಿರಲಿಲ್ಲ, ಹಾಗಾದರೆ. ಒಂದೊಂದನ್ನೂ ಮುಗಿಸಿ ಬೆರಳಿನಿಂದ ಮೇಲಕ್ಕೆ ಸರಿಸುತ್ತಿದ್ದಳು, ತಟ್ಟೆಯಿಂದ ಎಣಿಸಿದ ಮೊಳಕೆಯನ್ನು ಬದಿಗೆ ಸರಿಸಿದ ಹಾಗೆ.

ಮೂವತ್ತೊಂದನೆಯದು ಗುರುವಾರದ್ದು. ‘ಇವತ್ತು ಅಕ್ಕ ಏನೂ ಕೇಳಲಿಲ್ಲ. ಕನ್ನಡಕ ಹುಡುಕುತ್ತಿದ್ದಾಳೆ. ಅದಕ್ಕೆ ನಾನೇ ಕೇಳ್ತೀನಿ: ಕೊನೇ ದಿನದ ತನಕ ಮೊಳೆಯದೇ ಉಳಿದ ಬೀಜ ಸತ್ತಿದೆಯೋ, ಸುಮ್ಮನೆ ಮಲಗಿದೆಯೋ, ನಿನಗೆ ಹೇಗೆ ಗೊತ್ತಾಗ್ತಿತ್ತು?’ ಅದರ ಕೆಳಗೆ, ಉತ್ತರದ ಜಾಗದಲ್ಲಿ: ‘ಅಕ್ಕ ಹೇಳಬೇಕು.’

ಸ್ಪ್ಯಾನರು ಕಾಫಿ ಲೋಟವನ್ನು ದೂರ ಸರಿಸಿ ಫೋನಿಗೆ ಜಾಗ ಮಾಡಿಕೊಟ್ಟ. ಅವಳು ಉತ್ತರದ ಜಾಗವನ್ನು ಮುಟ್ಟಿದಳು. ಅಕ್ಷರದ ಹಲಗೆ ಎದ್ದು ಬಂತು. ‘ಅಕ್ಕ ಹೇಳಬೇಕು’ ಎಂಬುದನ್ನು ಅಳಿಸಲಿಲ್ಲ, ಅದರ ಮುಂದೆಯೇ, ಒಂದು ಬೆರಳಿನಿಂದ, ಒಂದೊಂದಾಗಿ ಕುಟ್ಟಿದಳು: ‘ಚಿಮಟದಿಂದ ಮೆಲ್ಲಗೆ ಒತ್ತಬೇಕು. ಮೆತ್ತಗೆ ಕುಸಿದರೆ ಸತ್ತದ್ದು. ಗಟ್ಟಿಯಾಗಿ ನಿಂತರೆ ಮಲಗಿದ್ದು. ಮಲಗಿದ್ದನ್ನು ಸತ್ತದ್ದರ ಲೆಕ್ಕಕ್ಕೆ ಸೇರಿಸಬಾರದು, ಬೇರೆ ಸಾಲಿನಲ್ಲಿ ಬರೆಯಬೇಕು. ಐದರಿಂದ ಮೂವತ್ತೊಂದರ ತನಕ ನಾನು ನೋಡಿರಲಿಲ್ಲ ಕಣೋ. ಇವತ್ತು ನೋಡಿದೆ.’

ಉಳಿಸಲೇ? ಎಂದು ಫೋನು ಕೇಳಿತು. ಅವಳು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿ, ಹೌದು ಎಂದಳು.